ಹೂಳಣ್ಣನೂ ತುಂಬಿಸಿಟ್ಟ ಮೂರನೆಯ ಹೊಂಡವೂ

ಕೇಳಿರಿ, ಕೈಗೆಲಸ ಬದಿಗಿಟ್ಟು ಬಂದವರೇ, ಬದಿಗಿಡಲಾಗದೆ ಅದರ ಚಿಂತೆಯನ್ನು ಹೊತ್ತುಕೊಂಡೇ ಬಂದವರೇ, ತುಸು ಹತ್ತಿರ ಸರಿದು ಕೇಳಿರಿ. ಮಹಾಪುರುಷರ ಚರಿತ್ರೆ ಹೇಳುವವರಿಗೆ ಲೋಕದಲ್ಲಿ ಕೊರತೆಯಿಲ್ಲ. ಅವರು ಕಟ್ಟಿದ ಸೇತುವೆ, ಉದ್ಘಾಟಿಸಿದ ಕಟ್ಟಡ, ಕೊರಳಿಗೆ ಬಿದ್ದ ಹಾರ, ಎಲ್ಲವನ್ನೂ ನೀವು ಕೇಳಿ ಕೇಳಿ ದಣಿದಿದ್ದೀರಿ. ಇಂದು ಹೇಳಹೊರಟಿರುವುದು ಇಪ್ಪತ್ತಮೂರು ವರ್ಷ ಕೆಸರನ್ನು ತಡೆದು ನಿಲ್ಲಿಸಿದ ಒಬ್ಬ ಮನುಷ್ಯನ ಸಂಗತಿ. ಅವನ ಕೊರಳಿಗೆ ಹಾರ ಬೀಳಲಿಲ್ಲ. ಬಿದ್ದಿದ್ದರೂ ಅದು ಸೊಂಟದವರೆಗಿನ ಕೆಸರಿನಲ್ಲಿ ನೆನೆಯುತ್ತಿತ್ತು.

ಅವನನ್ನು ಎಲ್ಲರೂ ಹೂಳಣ್ಣ ಎಂದು ಕರೆಯುತ್ತಿದ್ದರು. ಭೂಮಿಯ ತೊಗಲು ಸುಲಿದು ಅದಿರು ತೆಗೆಯುವ ಒಂದು ದೊಡ್ಡ ತೆರೆದ ಗಣಿಯಲ್ಲಿ ಅವನಿಗೆ ಕೆಲಸ. ಮೊದಲು ಅವನು ಲಾರಿಗಳ ಲೆಕ್ಕ ಬರೆಯುವ ಗುಮಾಸ್ತನಾಗಿ ಸೇರಿದ್ದ. ಸೇರಿದ ಮೂರನೆಯ ತಿಂಗಳು, ಮಳೆಗಾಲದ ಸಭೆಯೊಂದರಲ್ಲಿ ಎದ್ದು ನಿಂತು, "ಸಾರ್, ಇಷ್ಟು ಮಣ್ಣು ಬಿಚ್ಚಿಟ್ಟಿದೀವಲ್ಲ, ಮಳೆ ಬಂದ್ರೆ ಇದೆಲ್ಲ ಎಲ್ಲಿಗೆ ಹೋಗುತ್ತೆ?" ಎಂದು ಕೇಳಿದ. ಸಭೆಗಳಲ್ಲಿ ಪ್ರಶ್ನೆ ಕೇಳುವವರನ್ನು ಬಲ್ಲವರು ಹೇಗೆ ಸನ್ಮಾನಿಸುತ್ತಾರೋ ಹಾಗೆಯೇ ಅವನನ್ನೂ ಸನ್ಮಾನಿಸಲಾಯಿತು: ಮರುದಿನವೇ ಅವನಿಗೊಂದು ಸಲಿಕೆ, ಒಂದು ಜೊತೆ ರಬ್ಬರು ಬೂಟು ಕೊಟ್ಟು, "ಎಲ್ಲಿಗೆ ಹೋಗುತ್ತೆ ಅಂತ ನೀನೇ ಹೋಗಿ ನೋಡು" ಎಂದು ಚರಂಡಿಗೆ ಇಳಿಸಿದರು. ಬೂಟಿನ ಎಡಗಾಲು ಒಂಬತ್ತರ ಅಳತೆಯದು, ಬಲಗಾಲು ಹತ್ತರದು. ಅವನು ಹೋಗಿ ನೋಡಿದ; ಮತ್ತೆ ಮೇಲೆ ಬರಲೇ ಇಲ್ಲ.

ಅವನು ಕಂಡುಕೊಂಡದ್ದು ಬಹಳ ಸರಳವಾದ ವಿಷಯ. ಬಿಚ್ಚಿದ ನೆಲದ ಮೇಲೆ ಬೀಳುವ ನೀರು ಅವಸರದಲ್ಲಿರುತ್ತದೆ, ಅವಸರದಲ್ಲಿರುವಾಗ ಕೈಗೆ ಸಿಕ್ಕಿದ್ದನ್ನೆಲ್ಲ ಹೊತ್ತುಕೊಂಡು ಓಡುತ್ತದೆ. ಅದನ್ನು ನಿಧಾನಿಸಿದರೆ ಸಾಕು, ಹೊತ್ತದ್ದನ್ನು ತಾನಾಗಿಯೇ ಕೆಳಗಿಡುತ್ತದೆ. ಅದಕ್ಕಾಗಿ ಅವನು ತ್ಯಾಜ್ಯಮಣ್ಣಿನ ಗುಡ್ಡದ ಬುಡದಲ್ಲಿ ಹರಿಯುವ ಉದ್ದನೆಯ ಚರಂಡಿಗೆ ಹನ್ನೆರಡು ಹೆಜ್ಜೆಗೊಂದರಂತೆ ಮೊಳಕಾಲೆತ್ತರದ ಕಲ್ಲಿನ ಅಡ್ಡಗಟ್ಟೆ ಇಟ್ಟ. ನಡುವೆ ತಗ್ಗು, ಅಂಚಿನಲ್ಲಿ ಎತ್ತರ. ನೀರು ನಡುವಿನಿಂದ ಇಳಿಯಬೇಕು, ದಂಡೆ ಕೊರೆಯಬಾರದು. ಚರಂಡಿಯ ತುದಿಯಲ್ಲಿ ಸಾಲಾಗಿ ಮೂರು ಹೊಂಡ. ಮೊದಲನೆಯದರಲ್ಲಿ ಮರಳು ಕೂರುತ್ತದೆ, ಎರಡನೆಯದರಲ್ಲಿ ನುಣುಪು ಮಣ್ಣು. ಮೂರನೆಯದರಲ್ಲಿ ಹಿಟ್ಟಿಗಿಂತ ಸಣ್ಣಗಿನ ಜೇಡಿ. ಅದು ತಳಕ್ಕಿಳಿಯಲು ದಿನಗಟ್ಟಲೆ ಬೇಕು. ಆದ್ದರಿಂದ ಮಳೆಗಾಲದಲ್ಲಿ ಮೂರನೆಯ ಹೊಂಡ ಮುಕ್ಕಾಲು ಪಾಲು ಖಾಲಿಯಿರಬೇಕು. ಬಂದ ಮಳೆಗೆ ಕೂರಲು ಜಾಗ ಇರಬೇಕಲ್ಲ!

ನೀರು ಹೊರಬಿಡಬಹುದೇ ಎಂದು ತಿಳಿಯಲು ಅವನದೇ ಒಂದು ಪದ್ಧತಿಯಿತ್ತು. ಕಚೇರಿಯಲ್ಲಿ ಅದಕ್ಕೊಂದು ಯಂತ್ರವೂ ಇತ್ತೆನ್ನಿ. ಕೆಟ್ಟುಹೋಗದಿರಲೆಂದು ಅದನ್ನು ಪೆಟ್ಟಿಗೆಯಿಂದ ಹೊರಗೆ ತೆಗೆದಿರಲಿಲ್ಲ. ಹೂಳಣ್ಣ ಗಾಜಿನ ಭರಣಿಯೊಂದರಲ್ಲಿ ಹೊಂಡದ ನೀರು ತುಂಬಿ, ಅದರ ಹಿಂದೆ ಹಳೆಯ ಪತ್ರಿಕೆ ಹಿಡಿಯುತ್ತಿದ್ದ. ತಲೆಬರಹ ಓದಲಾದರೆ ಸಾಲದು, ಕೆಳಗಿನ ಸಣ್ಣಕ್ಷರವನ್ನೂ ಓದಲಾದರೆ ಮಾತ್ರ ಹೊಂಡದ ಹೊರಗೊಳವೆಯ ಚಕ್ರ ತಿರುಗಿಸಿ ನೀರನ್ನು ಹಳ್ಳಕ್ಕೆ ಬಿಡುತ್ತಿದ್ದ. ಹೀಗೆ ಇಪ್ಪತ್ತಮೂರು ವರ್ಷ ಅವನು ಲೋಕದ ಸುದ್ದಿಯನ್ನೆಲ್ಲ ಕೆಸರಿನ ಮೂಲಕವೇ ಓದಿದ. ಪತ್ರಿಕೆಗಳನ್ನು ಬಲ್ಲವರು ಇದರಲ್ಲಿ ವಿಶೇಷವೇನಿದೆ ಎನ್ನಬಹುದು.

ಮಾತಿನಲ್ಲೂ ಅವನು ಹಾಗೆಯೇ. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆಯಂತ್ರ ಇಟ್ಟುಕೊಂಡು ಬಟ್ಟೆ ಹೊಲಿಯುತ್ತಿದ್ದ ಅವನ ಹೆಂಡತಿ ಬಂದವರೆದುರಿಗೆಲ್ಲ ಹೇಳುತ್ತಿದ್ದಳು: "ನಮ್ಮನೆಯವರ ಹತ್ರ ಏನಾದ್ರೂ ಕೇಳಿದ್ರೆ ಉತ್ರ ಮೂರು ಹೊಂಡ ದಾಟಿ ಬರಬೇಕು. ಅಷ್ಟರಲ್ಲಿ ನಾನು ಎರಡು ರವಿಕೆ ಹೊಲಿದು ಮುಗಿಸಿರ್ತೀನಿ."

"ಬಂದಾಗ ತಿಳಿಯಾಗಿ ಬರುತ್ತೋ ಇಲ್ವೋ?" ಎನ್ನುತ್ತಿದ್ದ ಅವನು, ಬಾಗಿಲಾಚೆ ಬೂಟು ಕಳಚುತ್ತ.

"ಬರುತ್ತೆ ಬರುತ್ತೆ. ಪ್ರಶ್ನೆ ಏನಂತ ಅಷ್ಟೊತ್ತಿಗೆ ನನಗೇ ಮರೆತಿರುತ್ತೆ."

ಗಣಿಯಿಂದ ಹೊರಟ ಆ ಹಳ್ಳ ಎರಡು ಮೈಲಿ ಕೆಳಗೆ ಅವನ ಸ್ವಂತ ತಂಗಿಯ ಜಾಗದ ಪಕ್ಕದಲ್ಲೇ ಹಾಯುತ್ತಿತ್ತು. ಗಂಡ ತೀರಿಕೊಂಡ ಮೇಲೆ ಅವಳು ಹಳ್ಳದ ನೀರು ತಿರುಗಿಸಿಕೊಂಡು ಏಳು ಕೊಳ ಮಾಡಿ ಮೀನಿನ ಮರಿ ಸಾಕುತ್ತಿದ್ದಳು. ಉಗುರಿನಷ್ಟು ಉದ್ದದ ಮರಿಗಳು. ಒಂದೊಂದು ಕೊಳದಲ್ಲಿ ಸಾವಿರಾರು. ಅವುಗಳ ಕಿವಿರು ಎಷ್ಟು ನಾಜೂಕೆಂದರೆ ಕೆಸರು ನೀರು ಅರ್ಧ ಗಂಟೆ ಹಾದರೆ ಸಾಕು, ಉಸಿರುಕಟ್ಟಿ ಹೊಟ್ಟೆ ಮೇಲಾಗುತ್ತವೆ. ಹಾಗೆಂದು ನೀರು ಒಳಗೆ ಬರುವ ಹಲಗೆಬಾಗಿಲನ್ನು ಇಳಿಸಿ ಮುಚ್ಚಿಯೇ ಇಡುವಂತಿಲ್ಲ. ಹೊಸ ನೀರಿಲ್ಲದೆ ಅವು ಅರ್ಧ ದಿನಕ್ಕಿಂತ ಹೆಚ್ಚು ತಾಳವು. ಆ ವರ್ಷ ಅವಳು ಎರಡು ವರ್ಷ ಜೋಪಾನ ಮಾಡಿದ ತಾಯಿಮೀನುಗಳಿಂದ ಮೊದಲ ಬಾರಿಗೆ ತನ್ನದೇ ಮರಿ ಮಾಡಿಸಿದ್ದಳು. ಆ ಮರಿಗಳು ಹೋದರೆ ಅವಳ ಬದುಕು ಹೋದಂತೆ. ಇದನ್ನು ಹೂಳಣ್ಣ ಚೆನ್ನಾಗಿ ಬಲ್ಲ. ನೀವೂ ನೆನಪಿಟ್ಟುಕೊಳ್ಳಿ.

ಅಂಥ ಹೊತ್ತಿನಲ್ಲಿ ಗಣಿಗೆ ಹೊಸ ವ್ಯವಸ್ಥಾಪಕರು ದಯಮಾಡಿಸಿದರು. ಸ್ವಚ್ಛತೆಯೆಂದರೆ ಅವರಿಗೆ ಪ್ರಾಣ. ಕಣ್ಣಿಗೆ ಕಾಣುವುದು ಕೊಳಕು, ಕಾಣದಂತೆ ಮಾಡಿದ್ದು ಸ್ವಚ್ಛ ಎಂಬುದು ಅವರ ಸಿದ್ಧಾಂತ. ಇಷ್ಟು ಸುಲಭವಾದ ಸಿದ್ಧಾಂತ ಜ್ಞಾನಿಗಳಿಗೆ ಯಾಕೆ ಹೊಳೆಯಲಿಲ್ಲವೋ ದೇವರೇ ಬಲ್ಲ. ಕೇಂದ್ರ ಕಚೇರಿಯಿಂದ ಮೂವರು ಹಿರಿಯರು 'ಅತ್ಯಂತ ಅಚ್ಚುಕಟ್ಟಾದ ಗಣಿ' ಎಂಬ ಫಲಕ ಕೊಡಲು ಬರುವವರಿದ್ದರು. ಆದುದರಿಂದ ವ್ಯವಸ್ಥಾಪಕರು ಒಂದು ಒಣ ಬೆಳಗು, ಹೊಳೆಯುವ ಬೂಟು ತೊಟ್ಟು ಚರಂಡಿ ನೋಡಲು ಬಂದರು.

"ಏನ್ರೀ ಇದು, ಚರಂಡಿ ತುಂಬ ಕಲ್ಲು?"

"ನೀರು ನಿಧಾನವಾಗಿ ಹೋಗ್ಲಿ ಅಂತ ಇಟ್ಟಿದೀನಿ ಸಾರ್."

"ಚರಂಡಿ ಇರೋದೇ ನೀರು ಹೋಗೋಕೆ. ಅಡ್ಡ ಕಲ್ಲಿಟ್ಟು ಹೋಗು ಅಂದ್ರೆ ಹೇಗೆ ಹೋಗುತ್ತೆ?"

"ನೀರು ಹೋಗುತ್ತೆ ಸಾರ್. ಮಣ್ಣು ನಿಲ್ಲಬೇಕಲ್ಲ, ಅದಕ್ಕೆ."

"ಎಲ್ಲಿದೆ ಮಣ್ಣು? ಎಲ್ಲಿದೆ ನೀರು? ನನಗೆ ಕಾಣ್ತಿರೋದು ಬರೀ ಕಲ್ಲು."

ನಿಜವೇ. ಅಂದು ಮಳೆಯಿರಲಿಲ್ಲ. ಮಳೆಯಿಲ್ಲದ ದಿನ ಬಂದು ಛತ್ರಿ ವ್ಯರ್ಥವೆಂದು ತೀರ್ಮಾನಿಸುವ ಬುದ್ಧಿವಂತರನ್ನು ಭಗವಂತ ಎಲ್ಲ ಕಚೇರಿಗಳಿಗೂ ಸಮನಾಗಿ ಹಂಚಿದ್ದಾನೆ. ಮೂರನೆಯ ಹೊಂಡದ ಬಳಿ ಅವರ ಮುಖ ಇನ್ನಷ್ಟು ಸಿಂಡರಿಸಿತು.

"ಹೊಂಡ ಅಂತೀರಿ, ನೀರೇ ಇಲ್ವಲ್ರೀ?"

"ಖಾಲಿ ಇರಬೇಕು ಸಾರ್. ಮಳೆಗೆ ಜಾಗ."

"ಬಂದ ಅತಿಥಿಗಳಿಗೆ ಖಾಲಿ ಗುಂಡಿ ತೋರಿಸಿ ಏನಂತ ಹೇಳ್ಲಿ?"

"ಖಾಲಿ ಇದೆ ಅಂತ್ಲೇ ಹೇಳಿ ಸಾರ್. ಕೆಲಸ ಸರಿಯಾಗಿ ನಡೀತಿದೆ ಅಂತ ಅದರರ್ಥ."

ಖಾಲಿ ತಟ್ಟೆ ಮುಂದಿಟ್ಟು ಊಟ ಹೇಗಿದೆ ಎಂದು ಕೇಳುವವನನ್ನು ನೋಡುವಂತೆ ವ್ಯವಸ್ಥಾಪಕರು ಅವನನ್ನು ನೋಡಿದರು. ಅಪ್ಪಣೆ ಸಂಜೆಯೊಳಗೆ ಹೊರಬಿತ್ತು. ಚರಂಡಿಯ ಕಲ್ಲುಗಳನ್ನೆಲ್ಲ ಕಿತ್ತು, ಸುಣ್ಣ ಬಳಿದು, ಅತಿಥಿಗಳು ನಡೆಯುವ ದಾರಿಯ ಎರಡೂ ಬದಿ ಜೋಡಿಸತಕ್ಕದ್ದು. ಚರಂಡಿಯ ತಳವನ್ನು ಯಂತ್ರದಿಂದ ಹೆರೆದು ನುಣುಪಾಗಿಸತಕ್ಕದ್ದು. ಮೂರನೆಯ ಹೊಂಡವನ್ನು ಕೊಳವೆಬಾವಿಯ ತಿಳಿನೀರಿನಿಂದ ಅಂಚಿನವರೆಗೆ ತುಂಬಿಸಿ, ನಡುವೆ ಒಂದು ಕಾರಂಜಿ ಹಾಗೂ ಎರಡು ಪ್ಲಾಸ್ಟಿಕ್ ಬಾತುಕೋಳಿಗಳನ್ನು ತೇಲಿಬಿಡತಕ್ಕದ್ದು. ಬಾತುಕೋಳಿಗಳು ಬಿಳಿಯವೇ ಆಗಿರತಕ್ಕದ್ದು.

ಹೂಳಣ್ಣ ಏನು ಮಾಡಿದ? ಎದುರು ನಿಂತು ಗರ್ಜಿಸಿದ ಎಂದು ಹೇಳಿದರೆ ನಿಮಗೆ ಸಂತೋಷವಾದೀತು. ಅವನು ಒಂದು ಮನವಿ ಬರೆದ. ವ್ಯವಸ್ಥಾಪಕರು ಅದರ ಅಂಚಿನಲ್ಲಿ 'ನೋಡಿದೆ' ಎಂದು ಬರೆದರು. ಅವನು ಕಲ್ಲು ಕಿತ್ತ. ಅಗೆಯುವ ಯಂತ್ರದ ಚಾಲಕ, ಇಪ್ಪತ್ತು ವರ್ಷದ ಸ್ನೇಹಿತ, ಬಾಗಿಲಿನಿಂದ ತಲೆ ಹೊರಹಾಕಿ, "ಹೂಳಣ್ಣ, ನಿನ್ನ ಕೈಯಲ್ಲೇ ಇಟ್ಟಿದ್ದು, ನಿನ್ನ ಕೈಯಲ್ಲೇ ತೆಗೀತಿದೀಯಲ್ಲೋ. ಹೊಟ್ಟೆ ಉರಿಯಲ್ವಾ?" ಎಂದು ಕೇಳಿದ.

"ಹೇಳಿದ್ದು ಮಾಡೋದು ನನ್ನ ಕೆಲಸ ಕಣೋ."

"ಹಾಗಿದ್ರೆ ನಿನಗೂ ನನ್ನ ಯಂತ್ರಕ್ಕೂ ಏನು ವ್ಯತ್ಯಾಸ? ಇದಕ್ಕೆ ಎಣ್ಣೆ ಹಾಕ್ಬೇಕು, ನಿನಗೆ ಚಹಾ ಹಾಕ್ಬೇಕು, ಅಷ್ಟೇ."

ಹೂಳಣ್ಣ ನಗಲಿಲ್ಲ. ಕಲ್ಲಿಗೆ ಸುಣ್ಣ ಬಳಿದ. ಚೆನ್ನಾಗಿಯೇ ಬಳಿದ, ಎರಡು ಸಲ.

ಇಲ್ಲಿಯವರೆಗೆ ತಪ್ಪು ವ್ಯವಸ್ಥಾಪಕರದೆಂದು ನಾವೆಲ್ಲ ನೆಮ್ಮದಿಯಾಗಿದ್ದೇವೆ. ಮೇಲಿನವರ ತಪ್ಪು ಎಷ್ಟು ಹಿತ! ಅದನ್ನು ಎಷ್ಟು ಹೊತ್ತು ಬೇಕಾದರೂ ಕೂತು ನೋಡಬಹುದು. ಆದರೆ ಮುಂದಿನ ತಪ್ಪು ಹೂಳಣ್ಣನದೇ.

ಅತಿಥಿಗಳು ಬರಲು ಎರಡು ದಿನವಿರುವಾಗ, ಮಧ್ಯಾಹ್ನ ಅವನ ತಂಗಿ ಮನೆಗೆ ಬಂದಳು. ಹೂಳಣ್ಣ ಊಟ ಮುಗಿಸಿ ಮೇಜಿನ ಬಳಿಯೇ ಕೂತಿದ್ದ. ಅವಳು ಅವನೆದುರು ಕೂತು, ಅತ್ತಿಗೆ ಕೊಟ್ಟ ನೀರನ್ನು ಒಂದೇ ಗುಟುಕಿಗೆ ಕುಡಿದು, ನೇರವಾಗಿ ವಿಷಯಕ್ಕೆ ಬಂದಳು.

"ಅಣ್ಣಾ, ಇನ್ನೆರಡು ದಿನಕ್ಕೆ ದೊಡ್ಡ ಮಳೆ ಅಂತ ರೇಡಿಯೋದಲ್ಲಿ ಹೇಳ್ತಿದಾರೆ. ಮೇಲೆ ಏನೇನೋ ಬದಲಾಯಿಸ್ತಿದಾರಂತೆ, ಹೌದಾ? ನಾನು ಹಲಗೆ ಇಳಿಸಬೇಕಾಗುತ್ತಾ? ಮೊದಲೇ ಹೇಳಿದ್ರೆ ಸಿದ್ಧ ಮಾಡ್ಕೋತೀನಿ."

ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ನಾಲಿಗೆಯ ತುದಿಯವರೆಗೆ ಬಂದಿತ್ತು. ಆದರೆ ಹೇಳಬೇಕಾದರೆ, ನನ್ನ ಕೈಯಿಂದಲೇ ಕಲ್ಲು ಕಿತ್ತೆ, ಸುಮ್ಮನಿದ್ದೆ, ಎರಡು ಸಲ ಸುಣ್ಣ ಬಳಿದೆ ಎನ್ನಬೇಕಾಗಿತ್ತು. ಅಣ್ಣನೆಂದರೆ ಆಕಾಶಕ್ಕೆ ಕೊಟ್ಟ ಆಧಾರ ಎಂದು ನಂಬಿದ ತಂಗಿಯೆದುರು! ಅವನು ಬೆನ್ನು ನೆಟ್ಟಗೆ ಮಾಡಿಕೊಂಡ.

"ಇಪ್ಪತ್ತಮೂರು ವರ್ಷದಲ್ಲಿ ನಿನ್ನ ಕಡೆ ಒಂದು ಚೊಂಬು ಕೆಸರು ಬಂದಿದ್ಯಾ?"

"ಇಲ್ಲ."

"ಮತ್ತೆ? ಅಣ್ಣನ ಮೇಲೆ ನಂಬಿಕೆ ಇಲ್ವಾ?"

"ಅಯ್ಯೋ, ನಂಬಿಕೆ ಇಲ್ದೇ ಏನು. ಸುಮ್ನೆ ಕೇಳ್ದೆ." ಅವಳು ಹಗುರಾಗಿ ನಕ್ಕು ಎದ್ದಳು. "ಸರಿ ಹಾಗಾದ್ರೆ. ಏಳನೇ ಕೊಳದ ಹಲಗೆ ಊದ್ಕೊಂಡು ಸಿಕ್ಕಾಕ್ಕೊಂಡಿದೆ, ತೆಗೆದು ಬಿಸಿಲಿಗೆ ಹಾಕ್ಬೇಕು ಅಂತಿದ್ದೆ. ನಿಧಾನಕ್ಕೆ ಮಾಡಿದ್ರಾಯ್ತು."

ಅವಳು ಬೀದಿಯ ತಿರುವು ದಾಟುವವರೆಗೆ ಹೊಲಿಗೆಯಂತ್ರ ಸದ್ದು ಮಾಡಲಿಲ್ಲ. ಆಮೇಲೆ ಹೆಂಡತಿ ಕೇಳಿದಳು: "ಕಲ್ಲು ಕಿತ್ತಿದೀನಿ ಅಂದಿದ್ರಿ ಅಲ್ವಾ ಮೊನ್ನೆ?"

"ಹೂಂ."

"ಹೊಂಡ ತುಂಬಿಸಿದಾರೆ ಅಂದ್ರಿ."

"ಹೂಂ."

"ಅವಳಿಗೆ ಹೇಳಲಿಲ್ಲ."

ಅವನು ಮೇಜಿನ ಮೇಲಿನ ಲೋಟವನ್ನು ಅತ್ತಿಂದಿತ್ತ ಸರಿಸಿದ. "ಮಳೆ ಬರದೇನೂ ಇರಬಹುದು."

"ಈ ಉತ್ರ ಮಾತ್ರ ಎಷ್ಟು ಬೇಗ ಬಂತು ನೋಡಿ," ಎಂದಳು ಹೆಂಡತಿ. "ಒಂದು ಹೊಂಡಾನೂ ದಾಟ್ಲಿಲ್ಲ." ಯಂತ್ರ ಮತ್ತೆ ಶುರುವಾಯಿತು, ಎಂದಿಗಿಂತ ಜೋರಾಗಿ.

ಅತಿಥಿಗಳು ಬರುವ ದಿನವೂ ಬಂತು. ಬೆಳಗ್ಗೆ ಹತ್ತಕ್ಕೆ ಮೂವರು ಹಿರಿಯರು ಹೊಚ್ಚಹೊಸ ಶಿರಸ್ತ್ರಾಣ ಧರಿಸಿ ಬಿಳಿ ಡೇರೆಯ ಕೆಳಗೆ ಕೂತರು. ಸುಣ್ಣದ ಕಲ್ಲುಗಳು ಹಲ್ಲಿನ ಸಾಲಿನಂತೆ ಹೊಳೆಯುತ್ತಿದ್ದವು. ಕಾರಂಜಿ ಚಿಮ್ಮುತ್ತಿತ್ತು. ಬಾತುಕೋಳಿಗಳು ಅಪ್ಪಣೆಯಂತೆ ಬಿಳಿಯವಾಗಿದ್ದವು. ಹೂಳಣ್ಣನಿಗೆ ಆ ದಿನದ ಮಟ್ಟಿಗೆ ಒಂದೇ ಅಳತೆಯ ಹೊಸ ಬೂಟು ಕೊಟ್ಟು, "ಹೊಂಡದ ಪಕ್ಕ ನಿಂತಿರು, ಅಲ್ಲಾಡಬೇಡ, ಏನಾದ್ರೂ ಕೇಳಿದ್ರೆ ಮುಗುಳ್ನಗು" ಎಂದು ನಿಲ್ಲಿಸಿದ್ದರು. ವ್ಯವಸ್ಥಾಪಕರು ಧ್ವನಿವರ್ಧಕದ ಮುಂದೆ ನಿಂತು, ಪ್ರಕೃತಿಯೊಡನೆ ತಮ್ಮ ಗಣಿಗಿರುವ ಗಾಢ ಸ್ನೇಹವನ್ನು ಬಣ್ಣಿಸತೊಡಗಿದರು. ಅವರ ಬೆನ್ನ ಹಿಂದೆ, ತ್ಯಾಜ್ಯಮಣ್ಣಿನ ಗುಡ್ಡದ ತಲೆಯ ಮೇಲೆ, ಆ ಸ್ನೇಹಿತೆ ಕಪ್ಪಗೆ ಏರಿ ಬರುತ್ತಿದ್ದಳು. ಮಳೆ ಸುರಿಸುವ ಮುನ್ನ ದೇವರು ಕಚೇರಿಯ ಕಾರ್ಯಕ್ರಮಪಟ್ಟಿ ತರಿಸಿ ನೋಡಿದ್ದನ್ನು ನಾನಂತೂ ಕೇಳಿಲ್ಲ.

ಹೂಳಣ್ಣ ಮುಗುಳ್ನಗುತ್ತಲೇ ಲೆಕ್ಕ ಹಾಕಿದ. ಕಲ್ಲಿದ್ದ ಕಾಲದಲ್ಲಿ ಗುಡ್ಡದ ನೀರು ಚರಂಡಿ ದಾಟಲು ಎರಡು ಗಂಟೆ ಬೇಕಿತ್ತು. ಈಗ ಹೆರೆದ ತಳದ ಮೇಲೆ ಕಾಲು ಗಂಟೆ. ಮೊದಲೆರಡು ಹೊಂಡ ಕಣ್ಣು ಮಿಟುಕಿಸುವುದರಲ್ಲಿ ತುಂಬುತ್ತವೆ. ಮೂರನೆಯದರಲ್ಲಿ ಒಂದು ಬೊಗಸೆಗೂ ಜಾಗವಿಲ್ಲ. ಬಂದ ಕೆಸರು ಬಾತುಕೋಳಿಗಳ ಬೆನ್ನ ಮೇಲಿಂದಲೇ ಹಾದು ಹಳ್ಳಕ್ಕೆ ಬೀಳುತ್ತದೆ. ಅಲ್ಲಿಂದ ತಂಗಿಯ ಕೊಳಕ್ಕೆ ಇನ್ನರ್ಧ ಗಂಟೆ.

ಮೊದಲ ಹನಿ ಅವನ ಮೂಗಿನ ಮೇಲೆ ಬಿತ್ತು. "ದೇವರೇ, ಇನ್ನೊಂದು ಗಂಟೆ ತಡಿ," ಎಂದು ಅವನು ಮನಸ್ಸಿನಲ್ಲೇ ಬೇಡಿದ. ಮೊದಲೇ ಕೊಟ್ಟಿದ್ದ ಎರಡು ದಿನವನ್ನು ಕಳೆದುಕೊಂಡವನು ಮತ್ತೊಂದು ಗಂಟೆ ಕೇಳುವುದು ನೋಡಿ! ಎರಡನೆಯ ಹನಿ ಬಿತ್ತು. ಆಗ ಅವನು ಅಲ್ಲಾಡಿದ.

ಹೋದವನೇ ಹೊರಗೊಳವೆಯ ಚಕ್ರ ಹಿಡಿದು ತಿರುಗಿಸತೊಡಗಿದ. ವ್ಯವಸ್ಥಾಪಕರು ಭಾಷಣವನ್ನು ಚಪ್ಪಾಳೆಯೊಂದರ ನಡುವೆ ಬಿಟ್ಟು ಓಡಿಬಂದು, ಹಲ್ಲು ಕಚ್ಚಿ ಪಿಸುಗುಟ್ಟಿದರು: "ಏನ್ ಮಾಡ್ತಿದೀರಿ?"

"ಜಾಗ ಮಾಡ್ತಿದೀನಿ ಸಾರ್."

"ನೀರೆಲ್ಲ ಹೋಗ್ತಿದೆ!"

"ತಿಳಿನೀರು ಸಾರ್, ಹೋಗ್ಲಿ. ಯಾರಿಗೂ ತೊಂದರೆ ಇಲ್ಲ. ಹಿಂದೆ ಬರ್ತಿರೋದಕ್ಕೆ ಕೂರೋಕೆ ಜಾಗ ಬೇಕು."

"ನಿಮ್ಮನ್ನ ನಾಳೆಯಿಂದ..."

"ನಾಳೆ ಮಾತಾಡೋಣ ಸಾರ್," ಎಂದ ಹೂಳಣ್ಣ. ಅವನ ಬಾಯಿಂದ ಬಂದ ಆ ಮಾತಿಗೆ ವ್ಯವಸ್ಥಾಪಕರಿಗಿಂತ ಅವನೇ ಹೆಚ್ಚು ಬೆಚ್ಚಿದ.

ಆದರೆ ಆ ಕೊಳವೆಯಲ್ಲಿ ಹೊಂಡ ಇಳಿಯಬೇಕಾದರೆ ಅರ್ಧ ದಿನ ಬೇಕು. ಕೆಸರು ಬರುವಷ್ಟರಲ್ಲಿ ಹೆಚ್ಚೆಂದರೆ ಒಂದು ಗೇಣು ಇಳಿದೀತು. ತಂಗಿ ತಾನೇ ಹಲಗೆ ಇಳಿಸದೆ ಬೇರೆ ದಾರಿಯಿರಲಿಲ್ಲ. ಅವನು ಜೇಬಿನಿಂದ ಫೋನು ತೆಗೆದ, ಮತ್ತೆ ಒಳಗಿಟ್ಟ. ಮತ್ತೆ ತೆಗೆದ. ಬಂಧುಗಳೇ, ವ್ಯವಸ್ಥಾಪಕರ ಎದುರು ಚಕ್ರ ತಿರುಗಿಸಿದ ಆ ಧೀರ ಕೈ, ಒಬ್ಬ ಹೆಣ್ಣುಮಗಳ ನಂಬರು ಒತ್ತಲು ಅಳುಕಿತು.

"ತಂಗೀ, ಹಲಗೆ ಇಳಿಸು. ಏಳೂ ಇಳಿಸು. ಈಗಲೇ."

"ಯಾಕಣ್ಣಾ? ಬೇಡ ಅಂದ್ಯಲ್ಲ ಮೊನ್ನೆ?"

"ಸುಮ್ನೆ, ಮುಂಜಾಗ್ರತೆಗೆ ಅಂತ..."

"ಸುಮ್ನೆ ಇಳಿಸೋಕಾಗುತ್ತಾ? ಸಂಜೆಯೊಳಗೆ ಉಸಿರುಕಟ್ಟಿ ಸಾಯ್ತವೆ. ಮಳೆ ಅಂದ್ರೆ ನಿನಗೆ ಹೊಸದಾ? ಏನಾಯ್ತು, ಸರಿಯಾಗಿ ಹೇಳು."

ಹನಿಗಳು ಈಗ ಡೇರೆಯ ಮೇಲೆ ಕಾಳು ಚೆಲ್ಲಿದಂತೆ ಸದ್ದು ಮಾಡುತ್ತಿದ್ದವು.

"ಕಲ್ಲೆಲ್ಲ ಕಿತ್ತಿದೀನಿ. ನಾನೇ ಕಿತ್ತೆ. ಮೂರನೇ ಹೊಂಡ ತುಂಬಿ ತುಳುಕ್ತಿದೆ. ಮುಕ್ಕಾಲು ಗಂಟೆಯಲ್ಲಿ ಕೆಸರು ನಿನ್ನ ಬಾಗಿಲಿಗೆ ಬರುತ್ತೆ. ಮೊನ್ನೆ ನಿನ್ನೆದುರು ಕೂತಿದ್ದಾಗ್ಲೇ ಇದೆಲ್ಲ ಗೊತ್ತಿತ್ತು ನನಗೆ. ನಾಚಿಕೆಗೆ ಸುಳ್ಳು ಹೇಳ್ದೆ."

ಆಚೆಯಿಂದ ಫೋನನ್ನು ಎಲ್ಲೋ ಬಿಸಾಡಿದ ಸದ್ದು, ಆಮೇಲೆ ಓಡುವ ಕಾಲಿನ ಸದ್ದು, ಅಷ್ಟೇ ಕೇಳಿಸಿತು.

ಮನಸ್ಸಿನ ಕೆಸರು ಹೊರಬಿದ್ದರೆ ಮನುಷ್ಯ ಎಷ್ಟು ಹಗುರಾಗುತ್ತಾನೆಂದರೆ, ಮುಂದಿನದನ್ನು ಹೂಳಣ್ಣ ಯೋಚಿಸಲೂ ಇಲ್ಲ. ಅತಿಥಿಗಳ ದಾರಿಗೆ ಓಡಿ, ಸುಣ್ಣ ಬಳಿದ ಒಂದು ಕಲ್ಲನ್ನು ಎದೆಗವಚಿ ಎತ್ತಿಕೊಂಡ. ಚರಂಡಿಯವರೆಗೆ ಹೊತ್ತು ಒಗೆದ. ಇನ್ನೊಂದಕ್ಕೆ ಹೋದ. ಅಗೆಯುವ ಯಂತ್ರದ ಚಾಲಕ ಅವನ ಪಕ್ಕಕ್ಕೇ ಯಂತ್ರ ತಂದು ನಿಲ್ಲಿಸಿದ.

"ಏನೋ ಹೂಳಣ್ಣ, ಹೊರಗೆ ಹಾಕು ಅಂದಾಗ ಹೊರಗೆ ಹಾಕ್ದೆ. ಈಗ ಒಳಗೆ. ಊಟದ ಹೊತ್ತಿಗೆ ಮತ್ತೆ ಹೊರಗಾ?"

"ಮಾತಾಡ್ಬೇಡ, ಎತ್ತೋ!"

"ಅಬ್ಬ, ಬಾಯಿ ಬಂತು ನಿನಗೆ," ಎಂದ ಚಾಲಕ, ಮತ್ತು ದಾರಿಯ ಎಡಬದಿಯ ಸಾಲನ್ನು ಇಡಿಯಾಗಿ ಯಂತ್ರದ ಬುಟ್ಟಿಗೆ ಬಾಚಿಕೊಂಡ.

ಡೇರೆಯ ಕೆಳಗೆ ಒದ್ದೆಯಾಗದಂತೆ ಕಾಲು ಮೇಲೆತ್ತಿಕೊಂಡು ಕೂತಿದ್ದ ಹಿರಿಯರಲ್ಲಿ ಒಬ್ಬರು, "ಇದೂ ಕಾರ್ಯಕ್ರಮದ ಭಾಗವೇನು?" ಎಂದು ವಿಚಾರಿಸಿದರು. ವ್ಯವಸ್ಥಾಪಕರ ಮುಖದಲ್ಲಿ ರಕ್ತವಿರಲಿಲ್ಲ. ಆದರೆ ದೇವರು ಅವರಿಗೆ ಕೊಟ್ಟ ವಿಶೇಷ ವರ ಅವರನ್ನು ಕೈಬಿಡಲಿಲ್ಲ. "ಹೌದು," ಎಂದರು ಅವರು, ಟೈ ಸರಿಪಡಿಸಿಕೊಳ್ಳುತ್ತ. "ತುರ್ತು ಸನ್ನದ್ಧತೆಯ ಪ್ರಾತ್ಯಕ್ಷಿಕೆ. ನಾವು ಅಲಂಕಾರದ ಕಲ್ಲುಗಳನ್ನೂ ಉಪಯೋಗಕ್ಕೆ ಬರುವಂತೆಯೇ ಯೋಜಿಸಿರುತ್ತೇವೆ." ಮೂವರೂ ತಲೆದೂಗಿ ಬರೆದುಕೊಂಡರು. ಫಲಕ ವ್ಯವಸ್ಥಾಪಕರಿಗೇ ಸಿಕ್ಕಿತು. ಮರುವರ್ಷ ಇನ್ನೂ ದೊಡ್ಡ ಗಣಿಗೆ ಬಡ್ತಿಯೂ ಸಿಕ್ಕಿತು. ಪ್ರಾತ್ಯಕ್ಷಿಕೆಯ ಯಶಸ್ಸಿನ ದೆಸೆಯಿಂದ ಹೂಳಣ್ಣನನ್ನು ಕೆಲಸದಿಂದ ತೆಗೆಯುವುದು ಕಷ್ಟವಾಯಿತು. ಸಾಧನೆಯನ್ನು ತಮ್ಮದೆಂದ ಮೇಲೆ ಮಾಡಿದವನನ್ನು ಶಿಕ್ಷಿಸುವುದು ಹೇಗೆ? ಹೊಸ ಬೂಟನ್ನು ಮಾತ್ರ ಅದೇ ಸಂಜೆ ವಾಪಸು ಪಡೆದರು.

ಎಲ್ಲ ಕಲ್ಲುಗಳನ್ನು ಇಡಲಾಗಲಿಲ್ಲ. ಹದಿನಾಲ್ಕು ಗಟ್ಟೆಯಾದವು, ಅದೂ ಅಡ್ಡಾದಿಡ್ಡಿ. ಆದರೂ ನೀರು ಅವುಗಳಿಗೆ ಎಡವುತ್ತ ಬಂತು. ಕಾಲು ಗಂಟೆಯ ಬದಲು ನಲವತ್ತು ನಿಮಿಷ ತೆಗೆದುಕೊಂಡಿತು. ಮೂರನೆಯ ಹೊಂಡ ಕಡೆಗೂ ಕಂದಾಗಿ ಉಕ್ಕಿತು. ಇಬ್ಬರು ಬಾತುಕೋಳಿ ಮಹಾಶಯರು ಕೈಹಿಡಿದವರಂತೆ ಒಟ್ಟಾಗಿ ಅಂಚು ದಾಟಿ ಹಳ್ಳಕ್ಕೆ ಧುಮುಕಿದರು.

ಮಧ್ಯಾಹ್ನ ಮೂರಕ್ಕೆ ಮಳೆ ನಿಂತಿತು. ಹೂಳಣ್ಣ ಯಾರಿಗೂ ಹೇಳದೆ ಹಳ್ಳದ ದಂಡೆ ಹಿಡಿದು ಕೆಳಗೆ ನಡೆದ. ಹಳ್ಳ ಹಾಲು ಬೆರೆಸಿದ ಚಹಾದಂತೆ ಹರಿಯುತ್ತಿತ್ತು. ಇಪ್ಪತ್ತಮೂರು ವರ್ಷದಲ್ಲಿ ಆ ಬಣ್ಣವನ್ನು ಅವನು ಅಲ್ಲಿ ಕಂಡಿರಲಿಲ್ಲ.

ಆರು ಕೊಳಗಳ ಹಲಗೆ ಕೆಳಗಿತ್ತು. ಒಳಗೆ ನೀರು ತಿಳಿಯಾಗಿತ್ತು, ಮರಿಗಳು ಮೋಡದ ನೆರಳಿನಂತೆ ಗುಂಪುಗೂಡಿ ಸರಿದಾಡುತ್ತಿದ್ದವು. ಏಳನೆಯದರ ಹಲಗೆ ಅರ್ಧಕ್ಕೇ ಸಿಕ್ಕಿಕೊಂಡು ನಿಂತಿತ್ತು. ಅದರ ಮೇಲೆ ಕಬ್ಬಿಣದ ಸಲಾಕೆಯ ಹೊಡೆತದ ಗುರುತು. ಪಕ್ಕದಲ್ಲಿ ಒಂದು ದುಪ್ಪಟಿಯನ್ನು ಸಂದಿಗೆ ತುರುಕಲಾಗಿತ್ತು, ಅದೂ ಕೊಚ್ಚಿಹೋಗಿ ಒಂದು ತುದಿ ಮಾತ್ರ ಉಳಿದಿತ್ತು. ತಂಗಿ ಆ ಕೊಳದಲ್ಲಿ ಮೊಳಕಾಲುದ್ದ ನೀರಿನಲ್ಲಿ ನಿಂತು, ಜರಡಿಯಿಂದ ಬೆಳ್ಳಗೆ ತೇಲುತ್ತಿದ್ದ ಮರಿಗಳನ್ನು ಬಾಚಿ ಬಕೀಟಿಗೆ ಹಾಕುತ್ತಿದ್ದಳು. ಅಂಗೈಯ ಚರ್ಮ ಸುಲಿದಿತ್ತು. ಅವನನ್ನು ನೋಡಿ, ಮತ್ತೆ ಜರಡಿಯನ್ನು ನೀರಿಗಿಳಿಸಿದಳು.

ಅವನು ಪ್ಯಾಂಟು ಮಡಚದೆ ಕೊಳಕ್ಕಿಳಿದು, ಬರಿಗೈಯಿಂದ ಬಾಚತೊಡಗಿದ. ಮರಿಗಳು ಬೆರಳ ಸಂದಿಯಲ್ಲಿ ಜಾರಿಹೋಗುತ್ತಿದ್ದವು. ಎರಡು ಬಕೀಟು ತುಂಬಿದ ಮೇಲೆ ಅವಳು ಹೇಳಿದಳು: "ಮೊನ್ನೆ ಹೇಳಿದ್ರೆ ಈ ಹಲಗೆ ಬಿಸಿಲಿಗೆ ಹಾಕಿರ್ತಿದ್ದೆ."

"ಹೂಂ."

"ಎರಡು ದಿನ ಬಿಸಿಲು ಸಾಕಾಗಿತ್ತು."

"ಹೂಂ."

"ಕಲ್ಲು ಕಿತ್ತಿದ್ದಕ್ಕೆ ನನಗೆ ಸಿಟ್ಟಿಲ್ಲ ಅಣ್ಣ. ಯಾರೋ ಹೇಳಿದ್ರು, ಮಾಡ್ದೆ. ಎಲ್ಲರೂ ಮಾಡ್ತಾರೆ. ಆದ್ರೆ ನನ್ನೆದುರಿಗೆ ಕೂತು, ನಂಬಿಕೆ ಇಲ್ವಾ ಅಂತ ಕೇಳಿದ್ಯಲ್ಲ..." ಅವಳು ಜರಡಿಯನ್ನು ನೀರಿಗೆ ಬಡಿದಳು. "ಇನ್ನೊಂದ್ಸಲ ನಿನ್ನ ಮಾನ ಕಾಪಾಡೋಕೆ ನನ್ನ ಮೀನು ಬಳಸ್ಬೇಡ."

"ಇಲ್ಲ," ಎಂದ ಹೂಳಣ್ಣ. "ಬಳಸಲ್ಲ."

ಅವಳು ಜರಡಿಯನ್ನು ಅವನ ಕೈಗೆ ಕೊಟ್ಟು, ತಾನು ಬಕೀಟು ಹಿಡಿದುಕೊಂಡಳು. ಕತ್ತಲಾಗುವ ಮೊದಲೇ ಕೊಳ ಬರಿದಾಯಿತು. ಅಷ್ಟರಲ್ಲಿ ಹಳ್ಳ ತಿಳಿಯಾಗದಿದ್ದರೂ ತೆಳುವಾಗಿತ್ತು. ಅವನು ತಂಗಿಯ ಮನೆಯ ತೊಟ್ಟಿಯ ಒಳ್ಳೆಯ ನೀರನ್ನು ಬಿಂದಿಗೆಯಲ್ಲಿ ಹೊತ್ತು ಹೊತ್ತು ಉಳಿದ ಆರು ಕೊಳಗಳಿಗೆ ಮೇಲಿನಿಂದ ಎತ್ತಿ ಸುರಿದ, ಮರಿಗಳಿಗೆ ಉಸಿರು ಸಿಗಲೆಂದು. ಹಳ್ಳಕ್ಕೆ ಹಲಗೆ ತೆರೆಯಬಹುದೆಂದು ಅವಳು ಹೇಳುವವರೆಗೂ ಸುರಿದ. ಹೊರಡುವಾಗ ಅವಳು, "ಅತ್ತಿಗೆಗೆ ಹೇಳು, ಆರು ಉಳೀತು ಅಂತ," ಎಂದಳು. ಕ್ಷಮಿಸಿದೆ ಎನ್ನಲಿಲ್ಲ. ಅದಕ್ಕೆ ಇನ್ನೂ ಒಂದು ವರ್ಷ ಹಿಡಿಯಿತು, ಮತ್ತು ಅದು ಅವಳ ಹಕ್ಕು.

ಮುಂದೆ ಹೂಳಣ್ಣ ಎಂಟು ವರ್ಷ ಅದೇ ಚರಂಡಿಯಲ್ಲಿ ದುಡಿದ. ಇನ್ನಿಬ್ಬರು ವ್ಯವಸ್ಥಾಪಕರು ಬಂದರು, ಒಬ್ಬರಿಗೆ ದಂಡೆಯ ಮಣ್ಣು ಹಿಡಿಯಲೆಂದು ನೆಟ್ಟ ಹುಲ್ಲು ಇಷ್ಟವಿರಲಿಲ್ಲ, ಇನ್ನೊಬ್ಬರಿಗೆ ಹೊಂಡದ ಆಕಾರ ಹಿಡಿಸಲಿಲ್ಲ. ಕೆಲವೊಮ್ಮೆ ಅವನು ತಡೆದ, ಕೆಲವೊಮ್ಮೆ ಸೋತ. ಆದರೆ ಸೋತ ಪ್ರತಿ ಸಲವೂ, ಅಪ್ಪಣೆಯ ಶಾಯಿ ಒಣಗುವ ಮುನ್ನ, ಹಳ್ಳದುದ್ದಕ್ಕೂ ಇದ್ದ ಹನ್ನೊಂದು ಮನೆಗಳಿಗೆ ನಡೆದುಹೋಗಿ ಹೇಳಿದ: "ಇಂಥದ್ದು ತೆಗೆದಿದೀನಿ. ನಾನೇ ತೆಗೆದೆ. ಮಳೆ ಬಂದ್ರೆ ಹುಷಾರು." ಬೈದವರ ಬೈಗುಳ ನಿಂತುಕೊಂಡು ಕೇಳಿಸಿಕೊಂಡ.

ಬಂಧುಗಳೇ, ನಮ್ಮಲ್ಲಿ ಯಾರೂ ಬೆಟ್ಟದ ತುದಿಯಲ್ಲಿ ಒಬ್ಬರೇ ವಾಸಿಸುತ್ತಿಲ್ಲ. ನಮ್ಮ ಕೆಳಗೆ ಯಾರೋ ಇದ್ದಾರೆ: ನಾವು ಸಹಿ ಹಾಕಿದ ಕಾಗದದ ಕೆಳಗೆ, ಅರೆಬರೆ ಮಾಡಿ ಮುಗಿಸಿದ ಕೆಲಸದ ಕೆಳಗೆ, 'ಏನೂ ಆಗಲ್ಲ' ಎಂದು ಆಡಿದ ಮಾತಿನ ಕೆಳಗೆ. ಮೇಲಿನವರನ್ನು ತಿದ್ದುವ ಶಕ್ತಿ ಭಗವಂತ ನಿಮಗೆ ಕೊಟ್ಟಿದ್ದರೆ ತಿದ್ದಿರಿ, ನನ್ನ ನಮಸ್ಕಾರ. ಕೊಟ್ಟಿಲ್ಲದಿದ್ದರೆ, ಕೆಳಗಿನವರಿಗೆ ನಿಜ ಹೇಳುವ ನಾಲಿಗೆಯನ್ನಂತೂ ಎಲ್ಲರಿಗೂ ಕೊಟ್ಟಿದ್ದಾನೆ. ಇಂದು ಮನೆಗೆ ಹೋಗುವಾಗ ಒಬ್ಬರ ಬಾಗಿಲಿಗೆ ಹೋಗಿ, ನಾಚಿಕೆಯಾದರೆ ನಾಚಿಕೆಯೊಡನೆಯೇ ಹೋಗಿ, ಅವರು ಕೇಳುವ ಮುನ್ನ, ಆಕಾಶ ಇನ್ನೂ ತಿಳಿಯಾಗಿರುವಾಗಲೇ, ಹೇಳಬೇಕಾದ್ದನ್ನು ಹೇಳಿಬಿಡಿ.